ಲೇಹ್ ದಾರಿಯ ಹಾಳೆ

ಮೂರು ಭಾನುವಾರ ಆರಾಧನೆ ಮುಗಿದ ಕೂಡಲೇ ಊಟವನ್ನೂ ಬಿಟ್ಟು ನಾವು ನಿಲಂಗಾಕ್ಕೆ ಯಾಕೆ ಓಡುತ್ತಿದ್ದೆವು ಎಂದು ಮನೆಯವರೆಲ್ಲ ಕೇಳುತ್ತಿದ್ದರು. ಉತ್ತರ ಇಲ್ಲಿದೆ. ಉಮರ್ಗಾದ ಮೂವರು, ಉದಗೀರದ ಮೂವರು, ನಿಲಂಗಾದ ಒಬ್ಬ, ಒಟ್ಟು ಏಳು ಮಂದಿ ಲೇಹ್‌ಗೆ ಹೋಗುವ ಯೋಜನೆ ಹಾಕುತ್ತಿದ್ದೆವು. ಗಾಡಿ ಉದಗೀರದ ಗೆಳೆಯನ ಅಪ್ಪನ ಕ್ರೂಸರ್. ಬಿಳಿ ನಂಬರ್ ಪ್ಲೇಟಿನದು, ಬಾಡಿಗೆಯದಲ್ಲ.

ಮನಾಲಿಯವರೆಗಿನ ದಾರಿ ಬೇಗ ಬರೆದಾಯಿತು. ನಾಂದೇಡ, ನಾಗಪುರ, ಪೆಂಚ್ ಕಾಡು, ಝಾನ್ಸಿ, ದಿಲ್ಲಿ. ಸುಮಾರು 2,000 ಕಿ.ಮೀ. ತಿಂಗಳು ಯಾವುದು ಎಂಬುದಕ್ಕೇ ಜಗಳ. ಮನಾಲಿ-ಲೇಹ್ ರಸ್ತೆ ಹಿಮದಿಂದಾಗಿ ಬೇಸಿಗೆಯಲ್ಲಿ ತೆರೆದು ಚಳಿಗಾಲಕ್ಕೆ ಮುಚ್ಚುತ್ತದೆ. ಜುಲೈ, ಆಗಸ್ಟ್‌ನಲ್ಲಿ ಗುಡ್ಡ ಕುಸಿಯುವ ಭಯ. ಸೆಪ್ಟೆಂಬರ್ ಕೊನೆಗೆ ನಮ್ಮಲ್ಲಿ ಸೋಯಾ ಕೊಯ್ಲು, ಆಗ ಹೊಲ ಬಿಟ್ಟು ಹೋದರೆ ಮನೆಗೆ ತಿರುಗಿ ಬರುವುದೇ ಬೇಡ! ಸೆಪ್ಟೆಂಬರ್ ಮೊದಲ ವಾರ ಎಂದು ನಿಂತಿತು.

ಮನಾಲಿ ದಾಟಿದ ಮೇಲೆ ಲೆಕ್ಕವೇ ಬೇರೆ. 2020ರಲ್ಲಿ ತೆರೆದ 9 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿದರೆ ಲಾಹೌಲ್. ಅಲ್ಲಿ ತಾಂಡಿಯ ಪಂಪಿನಲ್ಲಿ, ಮುಂದಿನ ಪಂಪ್ 365 ಕಿ.ಮೀ. ದೂರ ಎಂಬ ಫಲಕ ಬಹಳ ಹೆಸರುವಾಸಿ. ನಾವು ಎರಡು ಡೀಸೆಲ್ ಕ್ಯಾನ್ ಬರೆದುಕೊಂಡೆವು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ ಎಂದು ತಿಳಿದಾಗ ಉಮರ್ಗಾದ ಕಾಕಾ ಹಾಳೆ ಕಸಿದುಕೊಂಡರು. "ಫೋನ್ ಹತ್ತಲಿಲ್ಲಂದ್ರ ನೀವು ಎಲ್ಲಿ ಅದೀರಿ ಅಂತ ನಮಗ ಹ್ಯಾಂಗ ತಿಳೀಬೇಕು?" 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ತಂಗಿಯ ಮನೆಯ ಸುದ್ದಿಗಾಗಿ ಎರಡು ದಿನ ಕಾದವರು ಅವರು. ನಾವು ನಗಲಿಲ್ಲ. ಇಬ್ಬರಿಗೆ ಪೋಸ್ಟ್‌ಪೇಯ್ಡ್ ಸಿಮ್ ಎಂದು ಬರೆದೆವು.

ಕೊನೆಗೆ ಎತ್ತರದ ಲೆಕ್ಕ. ನಮ್ಮ ಊರುಗಳು ಸುಮಾರು 600 ಮೀಟರ್ ಎತ್ತರದಲ್ಲಿವೆ. ದಾರಿಯ ತಂಗ್ಲಂಗ್ ಲಾ 5,300 ಮೀಟರಿಗೂ ಮೇಲೆ; ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎನ್ನುತ್ತಾರೆ ವೈದ್ಯರು. ಇದನ್ನು ಓದುತ್ತಿದ್ದಾಗಲೇ ನಮ್ಮಲ್ಲೊಬ್ಬ ತಲೆ ತಗ್ಗಿಸಿ ಹೇಳಿದ: "ನಂಗ ಉಬ್ಬಸ ಅದ. ಹೇಳಿದ್ರ ಬಿಟ್ಟು ಹೋಗ್ತೀರಂತ ಹೇಳಿರಲಿಲ್ಲ."

ಅವನನ್ನು ಮನಾಲಿಯಲ್ಲಿ ಇರಿಸಿ ಮೇಲೆ ಹೋಗಿ ಬರೋಣ ಎಂದೆವು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಅಂದದ್ದು ನಿಜ. ಅವನು "ಆಗ್ಲಿ" ಎಂದುಬಿಟ್ಟ. ಅಷ್ಟು ಬೇಗ ಒಪ್ಪಿದ್ದೇ ನಮಗೆ ಚುಚ್ಚಿತು. ಕ್ರೂಸರ್‌ನ ಗೇರು ಸರಿಯಾಗಿ ಹಾಕಲು ಬರುವುದೂ ನಮ್ಮಲ್ಲಿ ಅವನೊಬ್ಬನಿಗೇ! ಆ ದಿನ ಏನೂ ತೀರ್ಮಾನವಾಗದೆ ಮನೆಗೆ ಹೋದೆವು.

ಮರುದಿನ ಅವನ ಜೊತೆ ನಾವಿಬ್ಬರು ಡಾಕ್ಟರ ಬಳಿ ಹೋದೆವು. ಈ ವರ್ಷ ಎತ್ತರದ ಘಾಟ್ ಬೇಡ, 3,000 ಮೀಟರ್ ಆಸುಪಾಸಿಗೆ ನಿಧಾನವಾಗಿ, ಪಂಪ್ ಜೊತೆಗಿಟ್ಟುಕೊಂಡು ಹೋಗಬಹುದು ಎಂದರು. ಕೇಲಾಂಗ್ 3,080 ಮೀಟರ್. ತಾಂಡಿಯಿಂದ ಸ್ವಲ್ಪ ಮುಂದೆ.

ಕೇಲಾಂಗ್‌ನ ಬಗ್ಗೆ ಹುಡುಕಿದಾಗ ಸಿಕ್ಕದ್ದು ಬೇರೆಯೇ ಖುಷಿ. 1850ರ ದಶಕದಲ್ಲಿ ಜರ್ಮನಿಯ ಮೊರೇವಿಯನ್ ಮಿಷನರಿಗಳು ಅಲ್ಲಿ ನೆಲೆಸಿ, ಕಲ್ಲಚ್ಚಿನಲ್ಲಿ ಟಿಬೆಟನ್ ಪುಸ್ತಕ ಅಚ್ಚು ಹಾಕುತ್ತಿದ್ದರಂತೆ. 1843ರಲ್ಲಿ ನಮ್ಮ 'ಮಂಗಳೂರ ಸಮಾಚಾರ' ಅಚ್ಚಾದದ್ದೂ ಕಲ್ಲಚ್ಚಿನಲ್ಲೇ.

ಹಾಳೆಯಲ್ಲಿ ಕೇಲಾಂಗ್ ಕೆಳಗಿನ ನಾಲ್ಕು ಸಾಲುಗಳಿಗೆ ಗೀಟು ಹಾಕಿದೆವು. ಇಬ್ಬರು ಇನ್ನೂ ಮುನಿಸಿಕೊಂಡಿದ್ದಾರೆ. ಡೀಸೆಲ್ ಕ್ಯಾನ್ ಬೇಡವಾಯಿತು. ಪ್ರತಿ ಸಂಜೆ ಏಳಕ್ಕೆ ಕಾಕಾಗೆ ಫೋನ್ ಮಾಡುವ ಕೆಲಸ ಉಬ್ಬಸದ ಗೆಳೆಯನದು. ಗಾಡಿಯ ಕ್ಲಚ್ ಪ್ಲೇಟ್ ಮೊದಲು ಬದಲಿಸಬೇಕು ಎಂದಿದ್ದಾರೆ ಉದಗೀರದ ಅಪ್ಪ, ದುಡ್ಡು ನಾವೇ ಕೂಡಿಸಬೇಕಂತೆ.