ಒಮ್ಮೆ ಬಂದ ವಾಂತಿ-ಭೇದಿ ಮತ್ತೆ ಯಾಕೆ ಬರುತ್ತೆ?

ತಾಲ್ಲೂಕು ಸುದ್ದಿ ಬರೆಯುವ ನಮಗೆ ಕೆಲವು ಸುದ್ದಿಗಳು ವರ್ಷ ವರ್ಷವೂ ತಪ್ಪದೆ ಬರುತ್ತವೆ. ಅದರಲ್ಲಿ ವಾಂತಿ-ಭೇದಿಯೂ ಒಂದು. ಊರಿನ ಹೆಸರು, ಅಸ್ವಸ್ಥರಾದವರ ಸಂಖ್ಯೆ ಬದಲಾಗುತ್ತೆ, ಉಳಿದದ್ದೆಲ್ಲ ಹಾಗೇ. ಹೋದಲ್ಲೆಲ್ಲ ಜನ ಕೇಳುವ ಪ್ರಶ್ನೆಯೂ ಒಂದೇ: "ದಡಾರ ಒಮ್ಮೆ ಬಂದರೆ ಮತ್ತೆ ಬರಲ್ಲ. ಇದ್ಯಾಕೆ ಮತ್ತೆ ಮತ್ತೆ ಬರುತ್ತೆ?" ಪತ್ರಿಕೆಯ ಸುದ್ದಿಯಲ್ಲಿ ಇದಕ್ಕೆ ಉತ್ತರ ಬರೆಯುವಷ್ಟು ಜಾಗ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಎಲ್ಲ ವಾಂತಿ-ಭೇದಿಗೂ ಕಾರಣ ಒಂದೇ ಅಲ್ಲ. ಕಾಲರಾ ಬರುವುದು ಬ್ಯಾಕ್ಟೀರಿಯಾದಿಂದ. ನಾವು ಹೇಳುತ್ತಿರುವುದು ನೊರೊವೈರಸ್ ಬಗ್ಗೆ. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ ಮಕ್ಕಳು, ಶಿಕ್ಷಕರು ಒಟ್ಟಿಗೆ ಕಾಯಿಲೆ ಬಿದ್ದರು. ಆಲ್ಬರ್ಟ್ ಕಪಿಕಿಯನ್ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ವೈರಸ್ಸನ್ನು ಕಂಡು ವರದಿ ಮಾಡಿದ್ದು 1972ರಲ್ಲಿ. ಊರಿನ ಹೆಸರೇ ವೈರಸ್ಸಿಗೆ ಬಂತು.

ಈ ವೈರಸ್ಸಿನ ಹೊರ ಅಂಗಿ ಒಂದೇ ಬಗೆಯ ಪ್ರೋಟೀನಿನ 180 ತುಂಡುಗಳಿಂದ ಆಗಿದೆ. ಅಂಗಿಯ ಹೊರತುದಿ ನಮ್ಮ ಕರುಳಿನ ಒಂದು ಬಗೆಯ ಸಕ್ಕರೆ ಅಂಶಕ್ಕೆ ಅಂಟಿಕೊಳ್ಳುತ್ತೆ. ಒಮ್ಮೆ ಕಾಯಿಲೆ ಬಂದು ಹೋದ ಮೇಲೆ ನಮ್ಮ ದೇಹ ಅದೇ ತುದಿಯನ್ನು ಗುರುತಿಟ್ಟುಕೊಂಡು ಪ್ರತಿಕಾಯ ತಯಾರಿಸುತ್ತೆ. ಆದರೆ ಆ ರಕ್ಷಣೆ ಜೀವನಪೂರ್ತಿ ನಿಲ್ಲುವುದಿಲ್ಲ. ಜೊತೆಗೆ ವೈರಸ್ಸೂ ಬದಲಾಗುತ್ತೆ.

ಅದು ತನ್ನ ನಕಲು ತೆಗೆಯುವಾಗ ತಪ್ಪುಗಳಾಗುತ್ತವೆ. ಹೆಚ್ಚಿನ ತಪ್ಪುಗಳಿಂದ ಅದಕ್ಕೆ ಲಾಭವಿಲ್ಲ. ಅಪರೂಪಕ್ಕೊಂದು ತಪ್ಪು ಅಂಗಿಯ ತುದಿಯನ್ನೇ ತುಸು ಬದಲಿಸುತ್ತೆ. ಆಗ ಹಳೆಯ ಪ್ರತಿಕಾಯಕ್ಕೆ ಹಿಡಿತ ಸಿಗುವುದಿಲ್ಲ.

ಹತ್ತಿ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತೆ. ಬಿಟಿ ಹತ್ತಿ ಬಂದಾಗ ಗುಲಾಬಿ ಕಾಯಿಕೊರಕ ಸತ್ತಿತು. ತಡೆದುಕೊಂಡ ಕೆಲವು ಹುಳು ಬದುಕಿದವು, ಅವುಗಳ ಸಂತಾನವೇ ಹೊಲ ತುಂಬಿತು. ಹುಳ ಯೋಚನೆ ಮಾಡಿ ಬದಲಾಗಲಿಲ್ಲ, ವೈರಸ್ಸೂ ಅಷ್ಟೇ. ನಮ್ಮ ರೋಗನಿರೋಧಕ ಶಕ್ತಿಯೇ ಇಲ್ಲಿ ಔಷಧಿಯ ಕೆಲಸ ಮಾಡಿ, ತಪ್ಪಿಸಿಕೊಂಡವನ್ನು ಆರಿಸಿಬಿಡುತ್ತೆ.

ನೊರೊವೈರಸ್ಸಿನ ಜಿ2.4 ಎಂಬ ಬಣದಲ್ಲಿ 2002, 2006, 2009 ಮತ್ತು 2012ರಲ್ಲಿ ಹೊಸ ರೂಪಗಳು ಬಂದು ಹಳೆಯವನ್ನು ಪಕ್ಕಕ್ಕೆ ತಳ್ಳಿದವು. 2012ರದಕ್ಕೆ ಸಿಡ್ನಿ ನಗರದ ಹೆಸರಿದೆ. 2014-15ರ ಚಳಿಗಾಲದಲ್ಲಿ ಚೀನಾ, ಜಪಾನ್‌ಗಳಲ್ಲಿ ಜಿ2.17 ಎಂಬ ಬೇರೆಯೇ ಬಣ ಮೇಲೆದ್ದಿತು.

ಇನ್ನೊಂದು ಮಾತು ಹೇಳಲೇಬೇಕು. ಕೆಲವರ ಕರುಳಿನಲ್ಲಿ ಆ ಸಕ್ಕರೆ ಅಂಶ ಹುಟ್ಟಿನಿಂದಲೇ ಇರುವುದಿಲ್ಲ. ಅಂಥವರಿಗೆ ಈ ವೈರಸ್ಸಿನ ಹಲವು ಬಗೆಗಳು ತಗಲುವುದಿಲ್ಲ. ಮನೆಯವರೆಲ್ಲ ಮಲಗಿದರೂ ಒಬ್ಬರು ಓಡಾಡಿಕೊಂಡಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಮದುವೆ ಊಟದ ನಂತರ "ಅಡುಗೆಯವಳಿಗೆ ಮಾತ್ರ ಏನೂ ಆಗಿಲ್ಲ ನೋಡಿ" ಎಂದು ಬೆರಳು ತೋರಿಸಿದ್ದನ್ನು ನಾವು ಕಂಡಿದ್ದೇವೆ. ಆಮೇಲೆ ಆಕೆಯನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ನೀರು, ಮಲದ ಪರೀಕ್ಷೆ ಆಗದೆ ಕಾರಣ ಯಾರೂ ಹೇಳಲಾರರು. ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಒಬ್ಬರ ಅನ್ನ ಕಿತ್ತುಕೊಳ್ಳುವುದು ಬೇಡ.

ನೊರೊವೈರಸ್ಸಿಗೆ ಇನ್ನೂ ಲಸಿಕೆ ಬಳಕೆಗೆ ಬಂದಿಲ್ಲ. ಮಕ್ಕಳನ್ನು ಕಾಡುವ ಇನ್ನೊಂದು ವೈರಸ್ಸಾದ ರೋಟಾಕ್ಕೆ ಮಾತ್ರ ಲಸಿಕೆ ಇದೆ. 2016ರಿಂದ ಅದು ಸರ್ಕಾರದ ಲಸಿಕೆ ಪಟ್ಟಿಯಲ್ಲಿದೆ. 6, 10, 14ನೇ ವಾರದಲ್ಲಿ ಬಾಯಿಗೆ ಹಾಕಿಸಿ, ತಪ್ಪಿಸಬೇಡಿ.

ವೈರಸ್ ಯಾವ ರೂಪದಲ್ಲಿ ಬಂದರೂ ಮಾಡಬೇಕಾದ್ದು ಬದಲಾಗುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಲ್ಲಿ ಕೈ ತೊಳೆಯಿರಿ, ಸ್ಯಾನಿಟೈಸರ್ ಇದರ ಮುಂದೆ ಅಷ್ಟಾಗಿ ನಡೆಯುವುದಿಲ್ಲ. ವಾಂತಿ ನಿಂತ ಮೇಲೂ ಎರಡು ದಿನ ಬೇರೆಯವರಿಗೆ ಅಡುಗೆ ಮಾಡಬೇಡಿ. ಭೇದಿ ಶುರುವಾದ ಕೂಡಲೇ ಓಆರ್‌ಎಸ್ ಕುಡಿಸಿ. ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.