ಕೊಕ್ಕಡದಲ್ಲೊಂದು ಬಾಡಿಗೆಯ ಮನೆ

ಶಿರಾಡಿ ಘಾಟಿಯನ್ನಿಳಿದು, ಗುಂಡ್ಯವನ್ನು ಹಿಂದಿಕ್ಕಿ ಮಂಗಳೂರಿನ ಕಡೆಗೆ ಸಾಗುವ ಹೆದ್ದಾರಿಯಿಂದ ಪೆರಿಯಶಾಂತಿ ಎಂಬಲ್ಲಿ ಬಲಕ್ಕೆ ಒಂದು ದಾರಿ ಕವಲೊಡೆಯುತ್ತದೆ. ಧರ್ಮಸ್ಥಳಕ್ಕೆ ಹೋಗುವ ಯಾತ್ರಿಕರಿಗೆ ಇದು ಹತ್ತಿರದ ಹಾದಿ. ಆ ಹಾದಿಯ ನಡುವೆ ಸಿಗುವ ಊರೇ ಬೆಳ್ತಂಗಡಿ ತಾಲೂಕಿನ ಕೊಕ್ಕಡ. ಯಾತ್ರಿಕರ ಪಾಲಿಗೆ ಅದು ಬಸ್ಸಿನ ಕಿಟಕಿಯಿಂದ ಕಂಡು ಮರೆಯುವ ಒಂದು ಸಣ್ಣ ಪೇಟೆ. ಆದರೆ ವರ್ಗಾವಣೆಯ ಆಜ್ಞೆಯನ್ನು ಕಿಸೆಯಲ್ಲಿಟ್ಟುಕೊಂಡು ಇಲ್ಲಿ ಇಳಿಯುವ ಶಾಲಾ ಉಪಾಧ್ಯಾಯನೋ ಬ್ಯಾಂಕಿನ ಗುಮಾಸ್ತನೋ ಊರನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾನೆ. ಅವನಿಗೆ ದೇವರ ದರ್ಶನಕ್ಕಿಂತ ಮೊದಲು ಒಂದು ಮನೆ ಬೇಕು.

ಬೆಂಗಳೂರಿನಲ್ಲಿ ಮನೆ ಹುಡುಕಿ ಪಳಗಿದವನಿಗೆ ಇಲ್ಲಿ ಮೊದಲ ದಿನವೇ ದಿಕ್ಕು ತಪ್ಪುವುದು ಸಹಜ. ಅಲ್ಲಿ ಬೀದಿ ಹಿಡಿದು ನಡೆದರೆ ಗೇಟಿಗೆ ತೂಗುಹಾಕಿದ ‘ಮನೆ ಬಾಡಿಗೆಗಿದೆ’ ಎಂಬ ಹಲಗೆಯಾದರೂ ಕಂಡೀತು. ಇಲ್ಲಿ ಹಲಗೆಯೂ ಇಲ್ಲ, ಅದನ್ನು ತೂಗುಹಾಕಲು ಬೀದಿಯೂ ಇಲ್ಲ. ಪೇಟೆಯ ಅಂಗಡಿಸಾಲು ಮುಗಿದೊಡನೆ ಊರೂ ಮುಗಿದಂತೆ ತೋರುತ್ತದೆ. ನಿಜಕ್ಕೂ ಊರು ಮೊದಲಾಗುವುದೇ ಅಲ್ಲಿಂದ. ತುಳುನಾಡಿನ ಒಳಭಾಗದ ಹಳ್ಳಿಗಳಲ್ಲಿ ಮನೆಗಳು ಒಂದಕ್ಕೊಂದು ಗೋಡೆ ತಾಗಿಸಿಕೊಂಡು ನಿಲ್ಲುವುದಿಲ್ಲ. ಎರಡು ಗುಡ್ಡಗಳ ನಡುವಣ ಬೈಲಿನಲ್ಲಿ ಅಡಿಕೆಯ ತೋಟ, ಅದರ ಅಂಚಿನಲ್ಲಿ ಒಂದು ಮನೆ, ಮನೆಯ ಹಿಂದೆ ಸೊಪ್ಪಿನ ಗುಡ್ಡ. ಆ ಗುಡ್ಡದಾಚೆಗೆ ಮತ್ತೊಂದು ಬೈಲು, ಮತ್ತೊಂದು ಮನೆ. ನೆರೆಮನೆಯೆಂದರೆ ಕೂಗಿದರೆ ಓಗೊಡುವಷ್ಟು ದೂರದ ಮನೆ ಎಂದೇ ಅರ್ಥ.

ಇಂಥ ಊರಿನಲ್ಲಿ ಮನೆಯು ನೆಲದಿಂದ ಬೇರೆಯಾದ ವಸ್ತುವಲ್ಲ. ತೋಟವಿದ್ದುದರಿಂದ ಮನೆ ಬಂದಿತು. ಕೆಂಪುಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಸೆಗಣಿ ಸಾರಿಸಿದ ಅಂಗಳ, ಜಗಲಿ, ಒಳಗೆ ಅಟ್ಟ, ಪಕ್ಕದಲ್ಲಿ ಹಟ್ಟಿ, ಹಂಡೆಯ ಬಚ್ಚಲು, ಬಾವಿ: ಇವೆಲ್ಲವೂ ಕೃಷಿಯ ಅಗತ್ಯದಿಂದ ಹುಟ್ಟಿದವು. ಹಿಂದೆ ಮಾಡಿಗೆ ಮುಳಿಹುಲ್ಲನ್ನು ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಆ ಕೆಂಪು ಹೆಂಚು ಮೆಲ್ಲಮೆಲ್ಲನೆ ಒಳನಾಡಿನ ಬೈಲುಗಳನ್ನೂ ತಲುಪಿತು. ಅಂಗಳವು ಅಡಿಕೆ ಒಣಗಿಸುವ ಕಣ. ಅಟ್ಟ ಮಳೆಗಾಲದ ಉಗ್ರಾಣ. ಬಾಡಿಗೆಗೆಂದೇ ಮನೆ ಕಟ್ಟಿಸುವ ಪದ್ಧತಿ ಇಲ್ಲಿ ಪೇಟೆಯ ಸುತ್ತಮುತ್ತ ಮಾತ್ರ ಕಾಣುವ ಈಚಿನ ಸಂಗತಿ.

ಹಾಗಾದರೆ ಹೊಸಬನಿಗೆ ಮನೆ ಸಿಗುವುದು ಹೇಗೆ? ಬಾಯಿಮಾತಿನಿಂದ. ಚಹದಂಗಡಿಯಲ್ಲೋ ಹಾಲಿನ ಸೊಸೈಟಿಯಲ್ಲೋ ಒಂದು ಮಾತು ಹಾಕಿದರೆ ಅದು ಸಂಜೆಯೊಳಗೆ ನಾಲ್ಕು ಬೈಲುಗಳನ್ನು ಸುತ್ತಿ ಬರುತ್ತದೆ. ಮಕ್ಕಳು ಬೆಂಗಳೂರಿಗೋ ಮುಂಬಯಿಗೋ ಕೊಲ್ಲಿಯ ನಾಡುಗಳಿಗೋ ಹೋಗಿ ತೆರವಾದ ಮನೆ ಎಲ್ಲಿದೆ, ಯಾರ ಹಳೆಯ ಮನೆ ಬೀಗ ಹಾಕಿಕೊಂಡಿದೆ ಎಂಬುದು ಊರಿಗೆಲ್ಲ ಗೊತ್ತು. ಮನೆ ನೋಡಲು ಹೋದವನಿಗೆ ಮೊದಲು ಸಿಗುವುದು ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಬಾಡಿಗೆಯ ಮಾತು ತಟ್ಟನೆ ಬರುವುದಿಲ್ಲ.

“ಮಾಸ್ತರ‍್ರೇ, ನಿಮ್ಮ ಊರು ಎಲ್ಲಾಯಿತು? ಮನೆಯಲ್ಲಿ ಎಷ್ಟು ಜನ? ತಾಯಿ ಒಟ್ಟಿಗೆ ಇದ್ದಾರಾ?”

ನಗರದವನಿಗೆ ಇದು ವಿಚಾರಣೆಯಂತೆ ತೋರಬಹುದು. ಜಾತಿ ಕುಲಗಳ ಶೋಧವೂ ಈ ಪ್ರಶ್ನೆಗಳ ಮರೆಯಲ್ಲಿ ಒಮ್ಮೊಮ್ಮೆ ಇರುವುದುಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಕೇಳುವವರ ಮನಸ್ಸಿನಲ್ಲಿ ಅದಕ್ಕಿಂತ ಹಳೆಯದಾದ ಇನ್ನೊಂದು ಅಳುಕೂ ಇದೆ. ಅದನ್ನು ತಿಳಿಯಬೇಕಾದರೆ ಈ ನೆಲದ ಗೇಣಿಯ ಇತಿಹಾಸವನ್ನು ಸ್ವಲ್ಪ ನೋಡಬೇಕು.

1956ರವರೆಗೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ನೆಲವನ್ನು ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆಯಲ್ಲಿ ಕೊಡುತ್ತಿದ್ದರು. ಮೂಲಗೇಣಿಯವನದು ತಲೆತಲಾಂತರದ ಹಕ್ಕು. ಚಾಲಗೇಣಿಯವನಾದರೋ ಒಡೆಯನು ಬಿಡೆಂದರೆ ಬಿಡಬೇಕಾದವನು. ಗೇಣಿಯನ್ನು ಅಕ್ಕಿಯ ಮುಡಿಗಳಲ್ಲಿ ಅಳೆಯಬೇಕಾಗಿತ್ತು; ಮಳೆ ಕೈಕೊಟ್ಟ ವರ್ಷ ಒಕ್ಕಲಿನ ಮನೆಯ ಅನ್ನಕ್ಕೇ ಕೊರತೆ ಬೀಳುತ್ತಿತ್ತು. ತಾನೇ ಕಟ್ಟಿಕೊಂಡ ಗುಡಿಸಲಿನಲ್ಲಿ, ತಾನೇ ನೆಟ್ಟ ತೆಂಗಿನ ಬುಡದಲ್ಲಿ ನಿಂತೂ ‘ಇದು ನನ್ನ ಮನೆ’ ಎನ್ನುವ ಧೈರ್ಯ ಅವನಿಗಿರಲಿಲ್ಲ. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಈ ಲೆಕ್ಕ ತಲೆಕೆಳಗಾಯಿತು. ಗೇಣಿದಾರರು ಭೂನ್ಯಾಯ ಮಂಡಳಿಗಳ ಮುಂದೆ ಡಿಕ್ಲರೇಶನ್ ಕೊಟ್ಟರು, ಉಳುತ್ತಿದ್ದವರು ಒಡೆಯರಾದರು. ಒಂದು ಮನೆಯವರಿಗೆ ಅದು ಬಿಡುಗಡೆಯ ದಿನ, ಇನ್ನೊಂದು ಮನೆಯವರಿಗೆ ಕೈತಪ್ಪಿದ ನೆಲದ ನೆನಪು. ಈ ಎರಡು ಮನೆಗಳೂ ಇಂದಿಗೂ ಒಂದೇ ತೋಡಿನ ನೀರನ್ನು ಬಳಸುತ್ತ ಬಾಳುತ್ತಿವೆ. ಆ ಕಾನೂನು ಕೃಷಿಯ ನೆಲಕ್ಕೆ ಸಂಬಂಧಪಟ್ಟದ್ದು, ವಾಸದ ಬಾಡಿಗೆಗಲ್ಲ ಎಂದು ವಕೀಲರು ಹೇಳಿಯಾರು. ಆದರೂ ತೋಟದ ನಡುವಣ ಮನೆಯ ಬೀಗದ ಕೈಯನ್ನು ಅಪರಿಚಿತನಿಗೆ ಕೊಡುವಾಗ ಹಿರಿಯರ ಕೈ ಒಂದು ಕ್ಷಣ ತಡೆದರೆ ಅದಕ್ಕೆ ಈ ನೆನಪೇ ಕಾರಣ.

ಆದುದರಿಂದ ಮಾತು ಸ್ಪಷ್ಟವಾಗಿರುವುದು ಇಬ್ಬರಿಗೂ ಲೇಸು. ಬಾಡಿಗೆಯ ಚೀಟಿಯನ್ನು 11 ತಿಂಗಳಿಗೆ ಬರೆಯುವ ರೂಢಿ ನಗರದಂತೆ ಇಲ್ಲಿಗೂ ಬಂದಿದೆ. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಾಯಿಸಲೇಬೇಕೆಂಬ ಕಾನೂನು ಇದರ ಹಿಂದಿರುವ ಕಾರಣ. ಆದರೆ ಚೀಟಿಯಲ್ಲಿ ಬರೆಯದೆ ಬಿಟ್ಟುಹೋಗುವ ವಿಷಯಗಳೇ ಹಳ್ಳಿಯ ಬಾಳಿನಲ್ಲಿ ಮುಖ್ಯವಾದವು. ಅಂಗಳಕ್ಕೆ ಬಿದ್ದ ತೆಂಗಿನಕಾಯಿ ಯಾರದು? ಗುಡ್ಡದಿಂದ ಒಣಸೌದೆ ತರಬಹುದೇ? ಅಡಿಕೆ ಕೊಯ್ಲಿನ ಕಾಲಕ್ಕೆ ಅಂಗಳವನ್ನು ಬಿಟ್ಟುಕೊಡಬೇಕೇ? ಏಪ್ರಿಲ್ ಮೇ ತಿಂಗಳಲ್ಲಿ ಬಾವಿಯ ನೀರು ಎಷ್ಟು ಇಳಿಯುತ್ತದೆ? ಮಳೆಗಾಲದಲ್ಲಿ ತೋಡಿನ ಸಂಕ ದಾಟಿ ಮಕ್ಕಳು ಶಾಲೆಗೆ ಹೋಗಬಲ್ಲರೇ? ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ಡಿಸೆಂಬರಿನಲ್ಲಿ ಮನೆ ನೋಡಿ ಮೆಚ್ಚುವವನು ಆಟಿಯ ತಿಂಗಳಿನಲ್ಲಿ ಅದೇ ಮನೆ ಹೇಗಿರುತ್ತದೆಂದು ನೆರೆಯವರನ್ನು ಕೇಳಿಯೇ ಮುಂಗಡ ಕೊಡುವುದು ಜಾಣತನ.

ಇನ್ನು ಈ ಊರಿನ ಮೌನ. ನಗರದ ಗದ್ದಲದಿಂದ ಬೇಸತ್ತವರು ಬಯಸಿ ಬರುವುದು ಇದನ್ನೇ. ಮುಂಜಾನೆ ಮಂಜಿನಲ್ಲಿ ನಿಂತ ಅಡಿಕೆಮರಗಳ ನಡುವೆ ಹಕ್ಕಿಗಳ ಕೂಗು, ಹಟ್ಟಿಯಲ್ಲಿ ಕರುವಿನ ಕರೆ, ದೂರದಿಂದ ಶ್ರೀ ವೈದ್ಯನಾಥೇಶ್ವರನ ಗುಡಿಯ ಗಂಟೆ. ಆದರೆ ಕೊಕ್ಕಡದ ಮೌನವನ್ನು ಕೇವಲ ಸೊಗಸೆಂದು ಕೊಂಡಾಡುವವನು ಊರನ್ನು ಅರ್ಧವಷ್ಟೇ ಕಂಡವನು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕೊಕ್ಕಡ, ನಿಡ್ಲೆ, ಪಟ್ರಮೆಗಳ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು. ಆ ಹನಿಗಳು ಗೇರುಮರದ ಮೇಲಷ್ಟೇ ಬೀಳಲಿಲ್ಲ. ಬಾವಿ, ತೋಡು, ಅಂಗಳಗಳ ಮೇಲೂ ಬಿದ್ದವು. ಎದ್ದು ನಡೆಯಲಾರದ, ಮಾತಾಡಲಾರದ ಮಕ್ಕಳನ್ನು ವಯಸ್ಸಾದ ತಾಯಂದಿರು ಇಂದಿಗೂ ಎತ್ತಿ ಸಲಹುವ ಮನೆಗಳು ಈ ಹಸುರಿನ ನಡುವೆಯೇ ಇವೆ. ಕರ್ನಾಟಕ ಸರ್ಕಾರ 2011ರ ಆರಂಭದಲ್ಲಿ ಈ ವಿಷವನ್ನು ನಿಷೇಧಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶಕ್ಕೆಲ್ಲ ತಡೆಯಾಜ್ಞೆ ನೀಡಿತು. ಇಂಥ ಮಕ್ಕಳಿಗಾಗಿ ಕೊಕ್ಕಡದಲ್ಲಿ ಒಂದು ಪಾಲನಾ ಕೇಂದ್ರವೂ ಆರಂಭವಾಯಿತು. ಹೊಸದಾಗಿ ಬಂದ ಗೃಹಿಣಿಯು ನೆರೆಮನೆಯ ಬಾಗಿಲು ಏಕೆ ಸದಾ ಅರೆಮುಚ್ಚಿದೆ, ಆ ಮನೆಯಾಕೆ ಮದುವೆ ಮುಂಜಿಗಳಿಗೆ ಏಕೆ ಬರುವುದಿಲ್ಲ ಎಂದು ಆಡಿಕೊಳ್ಳುವ ಮುನ್ನ ಇದನ್ನು ತಿಳಿದಿರುವುದು ಒಳ್ಳೆಯದು. ಒಂದು ಮಧ್ಯಾಹ್ನ ಆ ಜಗಲಿಯಲ್ಲಿ ಕುಳಿತು ಮಗುವನ್ನು ನೋಡಿಕೊಂಡರೆ ಆ ತಾಯಿಗೆ ಪೇಟೆಗೆ ಹೋಗಿಬರುವಷ್ಟು ಬಿಡುವು ದೊರೆತೀತು. ಬಾಡಿಗೆಯ ಚೀಟಿಯಲ್ಲಿ ಇಲ್ಲದ ಕರಾರುಗಳಲ್ಲಿ ಇದೂ ಒಂದು.

ಊರಿನ ಸಮೀಪದಲ್ಲೇ ಸೌತಡ್ಕವಿದೆ. ಅಲ್ಲಿನ ಮಹಾಗಣಪತಿಗೆ ಗುಡಿಯಿಲ್ಲ, ಗೋಪುರವಿಲ್ಲ, ತಲೆಯ ಮೇಲೆ ಮಾಡೂ ಇಲ್ಲ. ಮಳೆ ಬಿಸಿಲುಗಳೆಲ್ಲವೂ ನೇರವಾಗಿ ಅವನ ಮೇಲೆಯೇ. ದನಗಾಹಿ ಹುಡುಗರು ವಿಗ್ರಹವನ್ನು ಕಂಡು ತಂದು, ಬಯಲಿನಲ್ಲಿ ಬೆಳೆದ ಸೌತೆಕಾಯಿಯನ್ನೇ ನೈವೇದ್ಯ ಮಾಡಿದರೆಂದೂ, ಅದರಿಂದಲೇ ಆ ಅಡ್ಕಕ್ಕೆ ಈ ಹೆಸರು ಬಂದಿತೆಂದೂ ಜನ ಹೇಳುತ್ತಾರೆ. ಹರಕೆ ಹೊತ್ತವರು ಕಟ್ಟಿದ ಗಂಟೆಗಳ ಸಾಲು ಸಾಲೇ ಅಲ್ಲಿ ತೂಗುತ್ತಿದೆ. ಮನೆ ಹುಡುಕಿ ಬಳಲಿದವನಿಗೆ, ಸ್ವಂತ ಸೂರಿಲ್ಲದೆಯೂ ಊರಿಗೆಲ್ಲ ಬೇಕಾದವನಾಗಿ ಕುಳಿತ ಈ ದೇವರನ್ನು ಕಂಡರೆ ಒಂದಿಷ್ಟು ಸಮಾಧಾನವಾದೀತು.

ಕರಾವಳಿಯ ಕನ್ನಡದಲ್ಲಿ ‘ಒಕ್ಕಲು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಪರರ ನೆಲದಲ್ಲಿ ದುಡಿದು ಗೇಣಿ ಕೊಡುವವನು ಒಕ್ಕಲು. ಹೊಸ ಮನೆಯಲ್ಲಿ ಹಾಲುಕ್ಕಿಸಿ ಬಾಳನ್ನು ಆರಂಭಿಸುವ ಶುಭಕಾರ್ಯವೂ ‘ಮನೆ ಒಕ್ಕಲು’. ಬಾಡಿಗೆದಾರನ ಬಾಳು ಈ ಎರಡು ಅರ್ಥಗಳ ನಡುವೆ ಇದೆ. ತಿಂಗಳ ಮೊದಲ ವಾರ ಹಣ ಎಣಿಸಿಕೊಟ್ಟವನಿಗೆ ಹೆಂಚಿನ ಮಾಡು, ನಾಲ್ಕು ಗೋಡೆ, ಒಂದು ಬಾವಿ ದೊರೆಯುವುದು ನಿಜ. ಆದರೆ ಕೋರಿ ಜಾತ್ರೆಯ ದಿನ ನೆರೆಯವರೊಡನೆ ನಡೆದುಹೋದವನು, ರಾತ್ರಿಯ ಗಾಳಿಗೆ ಸಂಕ ಮುರಿದಾಗ ಬೆಳಗ್ಗೆ ತಾನೂ ಅಡಿಕೆಯ ಮರಕ್ಕೆ ಹೆಗಲು ಕೊಟ್ಟವನು, ತುಳುವಿನಲ್ಲಿ ನಾಲ್ಕು ಮಾತು ತಪ್ಪುತಪ್ಪಾಗಿಯಾದರೂ ಆಡಿದವನು ಮಾತ್ರ ಆ ಮನೆಗೆ ಒಕ್ಕಲಾಗುತ್ತಾನೆ. ಅಂಥವನಿಗೆ ಮುಂದೆ ಬೇರೆಡೆಗೆ ವರ್ಗವಾದಾಗ ಸಾಮಾನು ಹೊತ್ತ ಲಾರಿಯ ಹಿಂದೆ ಒಂದು ಗೋಣಿ ತೆಂಗಿನಕಾಯಿಯೂ ಹಲಸಿನ ಹಪ್ಪಳದ ಕಟ್ಟೂ ಏರುತ್ತವೆ. ಅವುಗಳ ಬೆಲೆಯನ್ನು ಯಾರೂ ಮುಂಗಡದಿಂದ ಮುರಿದುಕೊಳ್ಳುವುದಿಲ್ಲ.