ಗಾಜಿನ ಮೇಲಣ ಕರೆ

ಮೀನು ಸಾಕುವ ಗಾಜಿನ ತೊಟ್ಟಿಯು ಮನೆಗೆ ಬಂದ ಮೊದಲ ತಿಂಗಳು ಎಲ್ಲರೂ ಮೀನನ್ನು ನೋಡುವರು. ವರ್ಷ ಕಳೆದ ಮೇಲೆ ಗಾಜನ್ನು ನೋಡುವರು. ಗಾಜೆಂಬುದು ಕಾಣದಿರುವುದಕ್ಕಾಗಿಯೇ ಇರುವ ವಸ್ತು. ಅದು ಕಣ್ಣಿಗೆ ಬೀಳತೊಡಗಿತೆಂದರೆ ಮೀನು ಮರೆಯಾಯಿತೆಂದೇ ಲೆಕ್ಕ. ಕೋಲಾರ, ಚಿತ್ರದುರ್ಗಗಳಂತಹ ಬಯಲುಸೀಮೆಯಲ್ಲಿ, ಕೊಳವೆ ಬಾವಿಯ ಗಡಸು ನೀರನ್ನೇ ನೆಚ್ಚಿಕೊಂಡಿರುವ ಮನೆಗಳಿಗೆ ಈ ವಿಪತ್ತು ಬಲುಬೇಗ ಒದಗುವುದು.

ಕರೆಗಳಲ್ಲಿಯೂ ಜಾತಿಗಳುಂಟು. ಹಸುರು ಪಾಚಿಯು ಜೀವವುಳ್ಳದ್ದು, ಬೆಳಕನ್ನುಂಡು ಬೆಳೆಯುವುದು, ಒರಟು ಬಟ್ಟೆಯೊಂದಕ್ಕೆ ಸೋಲುವುದು. 1849ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞನಾದ ರಾಬರ್ಟ್ ವಾರಿಂಗ್ಟನ್ ಎಂಬಾತನು ಗಾಜಿನ ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ಒಂದು ಜಾತಿಯ ನೀರುಗಿಡವನ್ನೂ ಇಟ್ಟು ಪರೀಕ್ಷಿಸುತ್ತಿರಲು, ಕೊಳೆತ ಎಲೆಗಳಿಂದ ನೀರು ಕೆಟ್ಟು, ಗಾಜಿನ ಮೇಲೆಲ್ಲ ಹಸುರು ಲೋಳೆ ಹಬ್ಬಿತು. ಆತನು ನೀರಿನ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಆ ಕಶ್ಮಲವನ್ನೆಲ್ಲ ತಿಂದು ತೀರಿಸಿದುವು. ಮರುವರ್ಷ ಆತನು ಈ ಸಂಗತಿಯನ್ನು ವಿದ್ವಾಂಸರ ಮುಂದಿಟ್ಟನು. ಮನೆಯೊಳಗೆ ಮೀನು ಸಾಕುವ ವಿದ್ಯೆಯು ಗಾಜು ತೊಳೆಯುವ ಚಿಂತೆಯೊಡನೆಯೇ ಹುಟ್ಟಿತೆಂದರೆ ತಪ್ಪಾಗದು.

ಆದರೆ ಸುಣ್ಣದ ಕರೆಗೆ ಬಸವನಹುಳುವು ಬಾಯಿಡದು. ಗಡಸು ನೀರಿನಲ್ಲಿ ಸುಣ್ಣದ ಅಂಶವು ಕರಗಿ ಅಡಗಿರುವುದು. ನೀರು ಆವಿಯಾಗಿ ಹೋಗುವಾಗ ಅದು ಜೊತೆಯಲ್ಲಿ ಹೋಗದೆ, ನೀರಿನ ಅಂಚು ತಾಕಿದಲ್ಲಿ ಬಿಳಿಯ ಪಟ್ಟೆಯಾಗಿ ನಿಲ್ಲುವುದು. ಬಚ್ಚಲುಮನೆಯ ಹಂಡೆಯೊಳಗೆ ಹಕ್ಕಳೆಗಟ್ಟುವ ಪೊರೆಯು ಇದರ ಒಡಹುಟ್ಟು. ಇದಕ್ಕೆ ಹುಳಿಯೇ ಮದ್ದು. ತೊಟ್ಟಿಯ ನೀರನ್ನು ಪಟ್ಟೆಗಿಂತ ಕೆಳಕ್ಕೆ ಇಳಿಸಿ, ನಿಂಬೆಯ ರಸದಲ್ಲಿಯೋ ವಿನೆಗರಿನಲ್ಲಿಯೋ ನೆನೆಸಿ ಹಿಂಡಿದ ಬಟ್ಟೆಯನ್ನು ಅರ್ಧ ಗಂಟೆ ಒತ್ತಿಟ್ಟರೆ, ಸುಣ್ಣವು ಸಣ್ಣಗೆ ಗುಳ್ಳೆಯೆದ್ದು ಸಡಿಲುವುದು. ಬಳಿಕ ಒದ್ದೆ ಬಟ್ಟೆಯಿಂದ ಒರಸಬೇಕು. ಹುಳಿಯು ತೊಟ್ಟಿಕ್ಕಿ ನೀರಿಗೆ ಸೇರಬಾರದು. ನೀರಿನ ಗುಣವು ಹಠಾತ್ತನೆ ಬದಲಾದರೆ ಮೀನು ತಾಳದು. ಸಾಬೂನಂತೂ ಕೂಡದು.

ಇವೆರಡಕ್ಕೂ ಬೇರೆಯಾದ ಮೂರನೆಯ ಕರೆಯೊಂದುಂಟು. ನೆನೆಯುವುದೂ ಒಣಗುವುದೂ ವರ್ಷಗಟ್ಟಲೆ ನಡೆದಲ್ಲಿ ಗಾಜಿನೊಳಗಣ ಕ್ಷಾರವು ಹೊರಬಂದು, ಗಾಜಿನ ಮೈಯನ್ನೇ ಸವೆಯಿಸಿ ಒರಟುಮಾಡುವುದು. ಅದು ಗಾಜಿನ ಮೇಲೆ ಬಂದು ಕುಳಿತುದಲ್ಲ, ಗಾಜಿನಿಂದ ಕಳೆದುಹೋದದ್ದು. ಇಲ್ಲದುದನ್ನು ತೊಳೆಯುವುದು ಹೇಗೆ? ತೊಟ್ಟಿಯನ್ನು ಬರಿದುಮಾಡಿ ಪುಡಿ ಹಾಕಿ ದಿನಗಟ್ಟಲೆ ಉಜ್ಜಿ ಹೊಳಪೇರಿಸುವವರಿದ್ದಾರೆ. ಉಳಿದವರಿಗೆ ಮರೆಸುವುದೊಂದೇ ದಾರಿ. ಕಲೆಯನ್ನು ಮರೆಸುವುದೂ ಒಂದು ಕಲೆಯೇ ಸರಿ. ಹಿಂಬದಿಯ ಗಾಜಾದರೆ ಹೊರಗಡೆ ಕಪ್ಪು ಕಾಗದ ಅಂಟಿಸಬಹುದು; ಮುಂಬದಿಯದಕ್ಕೆ ನೀರೇ ತೆರೆ. ಒರಟಾದ ತಾಣದಲ್ಲಿ ಗಾಳಿ ತುಂಬಿದ್ದರೆ ಬೆಳಕು ಚೆದರಿ ಬೆಳ್ಳಗೆ ಕಾಣುವುದು. ಅಲ್ಲಿ ನೀರು ತುಂಬಿದರೆ ಆ ಬಿಳುಪು ಬಹುಮಟ್ಟಿಗೆ ಅಡಗುವುದು; ಏಕೆಂದರೆ ಬೆಳಕನ್ನು ಬಾಗಿಸುವುದರಲ್ಲಿ ಗಾಜಿನ ಪ್ರಮಾಣವು ಸುಮಾರು 1.52, ನೀರಿನದು 1.33, ಗಾಳಿಯದು ಹೆಚ್ಚುಕಡಿಮೆ 1. ನೀರು ಗಾಜಿಗೆ ಹತ್ತಿರದ ನೆಂಟ. ಆದರೂ ಎರಡೂ ಒಂದೇ ಅಲ್ಲವಷ್ಟೆ.

ಕೋಲಾರದ ಕಡೆಯ ಒಂದು ಮನೆಯಲ್ಲಿ ಈ ಮೂರನೆಯ ಕರೆಯು ದೊಡ್ಡ ಸಂಕಟಕ್ಕೆ ಕಾರಣವಾಯಿತು. ಯಜಮಾನರು ನಿವೃತ್ತರಾದ ಉಪಾಧ್ಯಾಯರು. ತೊಟ್ಟಿಯನ್ನು ಕೊಂಡವನು ಮಗ, ಕಾಲೇಜಿನ ದಿನಗಳಲ್ಲಿ. ಆಮೇಲೆ ಅವನು ಪರದೇಶ ಸೇರಿದನು. ಎರಡಡಿ ಉದ್ದ, ಒಂದೊಂದಡಿ ಅಗಲ ಎತ್ತರಗಳ ತೊಟ್ಟಿ. ತುಂಬಿದರೆ ಸುಮಾರು 56 ಲೀಟರು. ಕೊಡದಲ್ಲಿ ನೀರು ಹೊತ್ತು ತಂದು ಅದರ ಮಟ್ಟವನ್ನು ಕಾಯುವ ಕೆಲಸ ತಂದೆಯವರದಾಯಿತು. ಗಾಜಿನ ಮೇಲೆ ಎರಡು ಬಿಳಿಯ ಪಟ್ಟೆಗಳಿದ್ದುವು. ಅಂಚಿನಿಂದ ಎರಡು ಬೆರಳು ಕೆಳಗಿನದು ಅವರ ಕಾಲು ಗಟ್ಟಿಯಾಗಿದ್ದ ಕಾಲದ್ದು. ಅದಕ್ಕಿಂತ ಒಂದು ಗೇಣು ಕೆಳಗಿನದು ಮೊಣಕಾಲು ಸೋತು ಕೊಡವೆತ್ತಲಾರದೆ ಹೋದ ವರ್ಷಗಳದ್ದು. ಟೆಲಿಫೋನಿನಲ್ಲಿ ಮಗನಿಗೆ ಮಾತ್ರ “ನನಗೇನಪ್ಪಾ, ಕಲ್ಲಿನ ಹಾಗಿದ್ದೇನೆ” ಎಂದೇ ಹೇಳುತ್ತ ಬಂದಿದ್ದರು.

ಮಗನು ಬರುವುದಕ್ಕೆ ಒಂದು ವಾರ ಮುಂಚೆ ತಾಯಿಯು ಪಟ್ಟೆಯನ್ನು ನೋಡಿ, “ಏನೂಂದ್ರೆ, ಈ ಗೆರೆ ಕಂಡರೆ ಅವನಿಗೆ ಎಲ್ಲಾ ತಿಳಿದುಹೋಗುತ್ತೆ. ಬಚ್ಚಲು ತೊಳೆಯೋ ಆಸಿಡ್ ಹಾಕಿ ತಿಕ್ಕಿಬಿಡಲೇ?” ಎಂದರು.

“ಬೇಡ ಕಣೇ, ಮೀನು ಸತ್ತುಹೋಗುತ್ತೆ.”

ನಾಲ್ಕು ನಿಂಬೆಹಣ್ಣು ಮುಗಿಯುವಷ್ಟರಲ್ಲಿ ಮೇಲಿನ ಪಟ್ಟೆ ಹೋಯಿತು. ಕೆಳಗಿನದರಲ್ಲಿ ಸುಣ್ಣವೇನೋ ಬಿಟ್ಟಿತು. ಒಣಗಿದ ಮೇಲೆ ಅದೇ ತಾಣದಲ್ಲಿ ಮಂಜು ಕವಿದಂತೆ ಮಬ್ಬು ಉಳಿಯಿತು. ಗಂಡಹೆಂಡಿರಿಬ್ಬರೂ ಸೇರಿ ಎರಡು ದಿನ ಚೊಂಬಿನಲ್ಲಿ ಸ್ವಲ್ಪಸ್ವಲ್ಪವಾಗಿ ನೀರು ಹಾಕಿ ಹಳೆಯ ಮಟ್ಟಕ್ಕೆ ಏರಿಸಿದರು. ಒಮ್ಮೆಗೇ ತಣ್ಣೀರು ಸುರಿಯದೆ ಹೀಗೆ ಮಾಡಿದ್ದು ಮೀನಿಗೆ ಹಿತವೇ ಆಯಿತು. ಮಬ್ಬು ನೀರಿನಲ್ಲಿ ಮುಳುಗಿ ಕಾಣದಾಯಿತು.

ಮಗನು ಬಂದನು, ಮೀನನ್ನು ನೋಡಿ ಹಿಗ್ಗಿದನು. ಮೂರನೆಯ ಬೆಳಗ್ಗೆ ಪೂರ್ವದ ಕಿಟಕಿಯಿಂದ ಎಳೆಬಿಸಿಲು ಓರೆಯಾಗಿ ಗಾಜಿಗೆ ತಾಕಿದಾಗ, ನೀರಿನೊಳಗಿಂದ ಆ ಪಟ್ಟೆಯು ತೆಳ್ಳಗೆ ಮೂಡಿತು. ಓರೆಬೆಳಕಿಗೆ ಈ ಗುಣವುಂಟು. ಮಗನು ಬಹಳ ಹೊತ್ತು ಅಲ್ಲಿಯೇ ನಿಂತಿದ್ದನು. ತಂದೆಯವರು ವೃತ್ತಪತ್ರಿಕೆಯಿಂದ ತಲೆಯೆತ್ತಲಿಲ್ಲ. ಯಾರೂ ಏನೂ ಕೇಳಲಿಲ್ಲ. ಸಂಜೆ ಅವನು ಪೇಟೆಗೆ ಹೋಗಿ ಉದ್ದವಾದ ರಬ್ಬರು ಕೊಳವೆಯೊಂದನ್ನು ತಂದು, ಬಚ್ಚಲಿನ ನಲ್ಲಿಯಿಂದ ತೊಟ್ಟಿಯವರೆಗೆ ಗೋಡೆಯಂಚಿನಲ್ಲಿ ಎಳೆದು ಕಟ್ಟಿ, ಕೊಡವನ್ನು ಅಟ್ಟಕ್ಕೆ ಏರಿಸಿದನು.